ಡಮಾಸ್ಕಸ್ ಕ್ಷೌರದ ಕತ್ತಿ ಕೂದಲು ಎಳೆಯುತ್ತಿದ್ದರೆ

ತೊಂದರೆ ಬಹುಶಃ ಉಕ್ಕಿನದಲ್ಲ, ಸಾಣೆಯದು. ಹೊಸ ಡಮಾಸ್ಕಸ್ ಕತ್ತಿ ಎಳೆಯುತ್ತದೆ, ಹಳೆಯ ಸಾದಾ ಕತ್ತಿ ನುಣ್ಣಗೆ ಬೋಳಿಸುತ್ತದೆ ಅಂದಿರಲ್ಲ, ನನ್ನದೂ ಮೊದಲು ಹಾಗೇ ಇತ್ತು.

ಡಮಾಸ್ಕಸ್ ಕತ್ತಿಯ ಮೇಲಿನ ಆ ಅಲೆ ಅಲೆ ಗೆರೆ ಎರಡು ಬಗೆಯ ಉಕ್ಕನ್ನು ಕಾಯಿಸಿ, ಬಡಿದು, ಬೆಸೆದು ಬಂದದ್ದು. ಸಾಮಾನ್ಯವಾಗಿ 1095 ಮತ್ತು 15ಎನ್20 ಎಂಬ ಉಕ್ಕುಗಳು. ಆಮ್ಲದಲ್ಲಿ ಅದ್ದಿದಾಗ ನಿಕ್ಕಲ್ ಇರುವ 15ಎನ್20 ಹೊಳಪಾಗಿ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ನೋಡಲು ತುಂಬಾ ಚೆಂದ. ಆದರೆ ಹರಿತ ಬರುವುದು ಸರಿಯಾಗಿ ಹದ ಮಾಡಿದ ಉಕ್ಕಿನಿಂದ ಮತ್ತು ಸಾಣೆಯಿಂದ. (ನಮ್ಮ ನೆಲದ ಹಳೆಯ ವೂಟ್ಜ್ ಉಕ್ಕು ಬೇರೆಯದೇ. ಅದರ ಗೆರೆ ಉಕ್ಕಿನೊಳಗೇ ಹುಟ್ಟಿದ್ದು.)

ಮೊದಲು ಚರ್ಮದ ಪಟ್ಟಿಯ ಮೇಲೆ 50 ಸಲ ಎಳೆಯಿರಿ. ಕತ್ತಿಯ ಬೆನ್ನು ಮುಂದೆ, ಅಲಗು ಹಿಂದೆ ಇರಲಿ. ಒತ್ತಬೇಡಿ. ಆಮೇಲೂ ಕತ್ತಿ ಕೂದಲು ಎಳೆದರೆ ಬೆನ್ನಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಅಲ್ಲಿನ ಗೆರೆ ಸವೆಯುತ್ತದೆ. ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಈ ಸಲ ಅಲಗು ಮುಂದಾಗಿ, 8000 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಸಾಣೆ ಕಲ್ಲಿನ ಮೇಲೆ ಹಗುರವಾಗಿ 20 ಸಲ ಉಜ್ಜಿ. ನಂತರ 12000, ಮತ್ತೆ ಚರ್ಮ. ಕೈಮೇಲಿನ ಕೂದಲು ಆಗಲೂ ಸಲೀಸಾಗಿ ಕತ್ತರಿಸದಿದ್ದರೆ 1000ದಿಂದಲೇ ಶುರು ಮಾಡಬೇಕು.

ಕತ್ತಿ ನೋಡದೆ ಒಂದು ಮಾತ್ರ ಹೇಳಲಾರೆ: ಗೆರೆ ನಿಜವೋ, ಸುಮ್ನೆ ಮೇಲೆ ಮೂಡಿಸಿದ್ದೋ ಅಂತ. ಇಷ್ಟೆಲ್ಲ ಮಾಡಿದರೂ ಎರಡೇ ಕ್ಷೌರಕ್ಕೆ ಮೊಂಡಾದರೆ ಉಕ್ಕಿನ ಹದವೇ ಸರಿಯಿಲ್ಲ. ಆಗ ಕಲ್ಲು ಸವೆಸಬೇಡಿ, ಕತ್ತಿ ವಾಪಸ್ ಕೊಡಿ.