ಪಟ್ಟಿ ಒಪ್ಪದ ಹೆಸರುಗಳು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಪರಿಸರ ಬಳಗದ ಹಿರಿಯರು 1980ರ ದಶಕದಿಂದ ಬರೆದಿಟ್ಟ ಟಿಪ್ಪಣಿಗಳನ್ನು ಎಕ್ಸೆಲ್ ಕಡತಕ್ಕೆ ಇಳಿಸಿದ್ದೇವೆ. ಹಕ್ಕಿ, ಕಪ್ಪೆ, ಸಸ್ತನಿಗಳ ಈ ದಾಖಲೆಗಳನ್ನು ಡೇಟಾಬೇಸಿಗೆ ಸೇರಿಸಲು ಹೊರಟಾಗ ಅನೇಕ ಸಾಲುಗಳ ಮುಂದೆ ‘ಹೆಸರು ಗುರುತಿಸಲಾಗಲಿಲ್ಲ’ ಎಂಬ ಸೂಚನೆ ಬರುತ್ತಿದೆ. ಅವನ್ನು ಅಳಿಸಿಬಿಡೋಣ ಎಂದು ಕೆಲವರೂ, ತಂತ್ರಾಂಶ ತೋರಿಸುವ ಹತ್ತಿರದ ಹೆಸರನ್ನು ಒಪ್ಪಿಕೊಳ್ಳೋಣ ಎಂದು ಕೆಲವರೂ ಹೇಳುತ್ತಿದ್ದಾರೆ. ಯಾವುದು ಸರಿ?
— ಓದುಗರು, ಸಾಗರ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಅಳಿಸಿದ ಸಾಲಿನೊಂದಿಗೆ ಆ ದಿನ, ಆ ಜಾಗ, ನೋಡಿದವರ ಶ್ರಮ ಎಲ್ಲವೂ ಹೋಗುತ್ತವೆ. ಕಣ್ಣುಮುಚ್ಚಿ ಒಪ್ಪಿಕೊಂಡ ಹೆಸರಾದರೋ ಅಲ್ಲಿ ಎಂದೂ ಇಲ್ಲದಿದ್ದ ಪ್ರಾಣಿಯೊಂದನ್ನು ದಾಖಲೆಯಲ್ಲಿ ತಂದು ಕೂರಿಸಬಹುದು, ಮತ್ತು ಇದು ಅಳಿಸುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಮುಂದೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಮೊದಲು ಹಿರಿಯರು ಬರೆದ ಹೆಸರನ್ನು, ತಪ್ಪಕ್ಷರ ಇದ್ದರೂ ಇದ್ದ ಹಾಗೆಯೇ, ಒಂದು ಪ್ರತ್ಯೇಕ ಕಾಲಮಿನಲ್ಲಿ ಉಳಿಸಿ ಅದಕ್ಕೆ ಮತ್ತೆ ಕೈ ಹಚ್ಚಬೇಡಿ. ಜೀವವೈವಿಧ್ಯ ದಾಖಲೆಗಳಿಗಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡಾರ್ವಿನ್ ಕೋರ್ ಮಾದರಿಯಲ್ಲಿ ಇದಕ್ಕೆಂದೇ ‘ವರ್ಬ್ಯಾಟಿಮ್ ಐಡೆಂಟಿಫಿಕೇಶನ್’ ಎಂಬ ಅಂಕಣವಿದೆ. ನೀವು ಹೊಂದಿಸಿದ ಈಗಿನ ಹೆಸರು ಬೇರೆ ಕಾಲಮಿನಲ್ಲಿರಲಿ. ಆಮೇಲೆ ಸಾಲು ಸಾಲಾಗಿ ತಿದ್ದುತ್ತ ಕೂರದೆ, ಗುರುತಾಗದ ಹೆಸರುಗಳನ್ನು ಪುನರಾವರ್ತನೆ ಇಲ್ಲದಂತೆ ಬೇರೆ ಹಾಳೆಗೆ ತೆಗೆದುಕೊಳ್ಳಿ. ಒಂದೇ ಹೆಸರು ನೂರಾರು ಸಾಲುಗಳಲ್ಲಿ ಮರುಕಳಿಸಿರುತ್ತದೆಯಾದ್ದರಿಂದ ಹಾಳೆ ನೀವು ಹೆದರಿದಷ್ಟು ಉದ್ದವಿರುವುದಿಲ್ಲ. ಪ್ರತಿ ಹೆಸರಿನ ಎದುರು ಏನು ತೀರ್ಮಾನಿಸಿದಿರಿ, ಏಕೆ, ಯಾರು, ಯಾವಾಗ ಎಂಬುದನ್ನು ಬರೆಯಿರಿ.

ಗುರುತಾಗದಿರುವುದಕ್ಕೆ ಕಾರಣಗಳು ಹಲವು. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗ, ಅದಲುಬದಲಾದ ಅಕ್ಷರ ಇವೆಲ್ಲ ಬೇಗ ಸರಿಹೋಗುತ್ತವೆ. ಹಳೆಯ ಹೆಸರುಗಳದ್ದೇ ನಿಜವಾದ ಕೆಲಸ. ಒಂದು ತಲೆಮಾರಿನ ವಿದ್ಯಾರ್ಥಿಗಳೆಲ್ಲ ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಓದಿದ ‘ರಾನಾ ಟೈಗ್ರಿನಾ’ ಕಪ್ಪೆಯನ್ನೇ ನೋಡಿ: 1802ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ದೋದ್ಯಾಂ ಇಟ್ಟ ಹೆಸರು ‘ರಾನಾ ಟೈಗರಿನಾ’, ಪಠ್ಯಗಳಲ್ಲಿ ಒಂದು ಸ್ವರ ಬಿಟ್ಟುಹೋಯಿತು, ಈಗಿನ ಹೆಸರು ‘ಹೋಪ್ಲೊಬ್ಯಾಟ್ರಾಕಸ್ ಟೈಗರಿನಸ್’. ಕುಲ ಬದಲಾದಾಗ ಲ್ಯಾಟಿನ್ ವ್ಯಾಕರಣದ ಲಿಂಗಕ್ಕೆ ತಕ್ಕಂತೆ ಎರಡನೆಯ ಪದದ ಕೊನೆಯೂ ಬದಲಾಯಿತು. ಪರ್ಯಾಯ ನಾಮಗಳ, ಅಂದರೆ ಒಂದೇ ಜೀವಿಗೆ ಇರುವ ಹಳೆಯ-ಹೊಸ ಹೆಸರುಗಳ, ಪಟ್ಟಿ ಇರುವ ತಂತ್ರಾಂಶಕ್ಕೆ ಇದು ಸುಲಭ. ಬರಿಯ ಅಕ್ಷರ ಹೋಲಿಸುವ ತಂತ್ರಾಂಶಕ್ಕೆ ಇದು ಎಂದೂ ಸಿಗದು.

ಆದರೆ ಪರ್ಯಾಯ ನಾಮಗಳ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಪಶ್ಚಿಮಘಟ್ಟದ ಶೋಲಾ ಕಾಡುಗಳ ನೀಲಿ ಹಕ್ಕಿಯೊಂದನ್ನು ಹಿಂದೆ ‘ಬ್ರ್ಯಾಕಿಪ್ಟೆರಿಕ್ಸ್ ಮೇಜರ್’ ಎಂಬ ಒಂದೇ ಪ್ರಭೇದವಾಗಿ ಎಣಿಸುತ್ತಿದ್ದರು. ಆಮೇಲೆ ಅದನ್ನು ಬೇರೆ ಬೇರೆ ಪ್ರಭೇದಗಳಾಗಿ ಒಡೆದರು. 2017ರಲ್ಲಿ ‘ಶೋಲಿಕೋಲಾ’ ಎಂಬ ಹೊಸ ಕುಲವೂ ಬಂತು. ಪಾಲಕ್ಕಾಡ್ ಕಣಿವೆಯ ಉತ್ತರದ್ದು ‘ಶೋಲಿಕೋಲಾ ಮೇಜರ್’, ಪಳನಿ ಬೆಟ್ಟಗಳದ್ದು ‘ಶೋಲಿಕೋಲಾ ಆಲ್ಬಿವೆಂಟ್ರಿಸ್’. ಬಾಬಾಬುಡನ್ ಗಿರಿಯ ಹಳೆಯ ದಾಖಲೆಯನ್ನು ತಂತ್ರಾಂಶ ‘ಮೇಜರ್’ ಎಂದೇ ಬದಲಿಸಿದರೆ ಸರಿಯಾಗುತ್ತದೆ. ನಿಮ್ಮ ಹಿರಿಯರೊಬ್ಬರು ಪಳನಿ ಬೆಟ್ಟಗಳ ಕೊಡೈಕೆನಾಲ್‌ಗೆ ಹೋದಾಗ ಅದೇ ಹಳೆಯ ಹೆಸರಿನಲ್ಲಿ ಬರೆದದ್ದನ್ನು ಹಾಗೆಯೇ ಬದಲಿಸಿದರೆ ತಪ್ಪಾಗುತ್ತದೆ. ಆದ್ದರಿಂದ ಒಡೆದ ಪ್ರಭೇದಗಳ ವಿಷಯದಲ್ಲಿ ಹೆಸರಿನ ಜೊತೆಗೆ ಸ್ಥಳವನ್ನೂ ನೋಡಿಯೇ ತೀರ್ಮಾನಿಸಬೇಕು.

ಹತ್ತಿರದ ಹೆಸರು ಹುಡುಕುವ ಸೌಲಭ್ಯದ ಅಪಾಯಕ್ಕೆ ಒಂದು ಉದಾಹರಣೆ ಸಾಕು. ನಮ್ಮಲ್ಲಿಗೆ ಚಳಿಗಾಲದಲ್ಲಿ ಧಾರಾಳವಾಗಿ ಬರುವ ಗ್ರೀನಿಷ್ ವಾರ್ಬ್ಲರ್ ‘ಫಿಲ್ಲೋಸ್ಕೋಪಸ್ ಟ್ರೋಕಿಲಾಯ್ಡಿಸ್’. ಭಾರತದಲ್ಲಿ ತೀರ ಅಪರೂಪವಾದ ವಿಲ್ಲೋ ವಾರ್ಬ್ಲರ್ ‘ಫಿಲ್ಲೋಸ್ಕೋಪಸ್ ಟ್ರೋಕಿಲಸ್’. ಟಿಪ್ಪಣಿಯಲ್ಲಿ ‘ಟ್ರೋಕಿಲ್’ ಎಂದು ಮೊಟಕಾಗಿ ಬರೆದಿದ್ದರೆ ಯಂತ್ರಕ್ಕೆ ಎರಡನೆಯದೇ ಹತ್ತಿರ ಕಾಣುತ್ತದೆ. ಇಂಥ ಸೂಚನೆಗಳನ್ನು ಹಕ್ಕಿ ಬಲ್ಲವರೊಬ್ಬರು ಒಂದೊಂದಾಗಿ ನೋಡಬೇಕು.

ಇಷ್ಟಾದರೂ ಬಗೆಹರಿಯದ ಹೆಸರುಗಳಿಗೆ ಖಚಿತವಾಗಿ ಹೇಳಬಹುದಾದ ಮಟ್ಟದವರೆಗೆ ಮೇಲೇರಿ ನಿಲ್ಲಿ: ಪ್ರಭೇದ ಗೊತ್ತಿಲ್ಲದಿದ್ದರೆ ಕುಲ, ಅದೂ ಇಲ್ಲದಿದ್ದರೆ ಕುಟುಂಬ. ಜಿಬಿಐಎಫ್ ಎಂಬ ಜೀವವೈವಿಧ್ಯ ದಾಖಲೆಗಳ ಜಾಗತಿಕ ಜಾಲವೂ ಪ್ರಭೇದದ ಹೆಸರು ಹೊಂದದಿದ್ದಾಗ ಸಾಧ್ಯವಿದ್ದರೆ ಮೇಲಿನ ಮಟ್ಟಕ್ಕೆ ಹೊಂದಿಸಿ, ಹಾಗೆ ಮಾಡಿದ್ದೇವೆಂದು ಗುರುತು ಹಾಕುತ್ತದೆ. ಟಿಪ್ಪಣಿಯಲ್ಲಿ ‘ಸಿಎಫ್’, ‘ಎಸ್‌ಪಿ’ (ಕ್ರಮವಾಗಿ ‘ಇದನ್ನು ಹೋಲುತ್ತದೆ’, ‘ಪ್ರಭೇದ ಗೊತ್ತಿಲ್ಲ’) ಎಂಬ ಸಂಕ್ಷೇಪಗಳಿದ್ದರೆ, ಅವು ನೋಡಿದವರ ಪ್ರಾಮಾಣಿಕ ಅನುಮಾನದ ಗುರುತುಗಳಾದ್ದರಿಂದ, ಅವನ್ನು ಅಳಿಸದೆ ಬೇರೆ ಕಾಲಮಿಗೆ ಸಾಗಿಸಿ. ಕುಲದ ಹೆಸರಷ್ಟೇ ಇರುವ ಸಾಲುಗಳಲ್ಲಿ ಅದು ಪ್ರಾಣಿಯೋ ಸಸ್ಯವೋ ಎಂಬುದನ್ನು ತಪ್ಪದೆ ನಮೂದಿಸಿ; ‘ಓನಾಂಥೆ’ ಎಂಬುದು ಒಂದು ಹಕ್ಕಿ ಕುಲದ ಹೆಸರೂ ಹೌದು, ಗಜ್ಜರಿ ಕುಟುಂಬದ ಒಂದು ಸಸ್ಯ ಕುಲದ ಹೆಸರೂ ಹೌದು.

ಪ್ರಶ್ನೆ: ಅನೇಕ ಸಾಲುಗಳಲ್ಲಿ ಕನ್ನಡ ಹೆಸರು ಮಾತ್ರ ಇದೆ. ಕೆಲವು ಕಡತಗಳಲ್ಲಿ ಅದೂ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ. ಇವನ್ನು ಕೈಬಿಡಬೇಕೆ?

ಉತ್ತರ: ಬೇಡ. ವಿಚಿತ್ರವಾಗಿ ಕಾಣುವವು ಬಹುಶಃ ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪಾದವು. ಯೂನಿಕೋಡ್‌ಗೆ ಪರಿವರ್ತಿಸಿದರೆ ಓದಲು ಬರುತ್ತವೆ. ಯೂನಿಕೋಡ್‌ನಲ್ಲೂ ಒಂದು ತೊಡಕಿದೆ: ‘ಕೊಕ್ಕರೆ’ಯ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿರುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆ ಬೇರೆಯಾಗಬಹುದು. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಮಾಡಿಸಿ.

ಇನ್ನು ಅರ್ಥದ ವಿಚಾರ. ಕಾಟಿ, ಕಾಡುಕೋಣ, ಕಾಡೆಮ್ಮೆ ಮೂರೂ ನಮ್ಮ ಮಲೆನಾಡಿನಲ್ಲಿ ‘ಬಾಸ್ ಗಾರಸ್’ ಎಂಬ ಒಂದೇ ಪ್ರಾಣಿ. ಆದರೆ ಬೆಳ್ಳಕ್ಕಿ ಎಂದಷ್ಟೇ ಬರೆದಿದ್ದರೆ ಅದು ಯಾವ ಪ್ರಭೇದವೆಂದು ಹೇಳಲಾಗದು, ಬಕಗಳ ಕುಟುಂಬದಲ್ಲೇ ನಿಲ್ಲಿಸಬೇಕು. ಬರೆದವರು ಇನ್ನೂ ನಮ್ಮೊಡನಿದ್ದರೆ ಈಗಲೇ ಹೋಗಿ ಕೇಳಿ. ಯಾವ ಹೆಸರಿನಿಂದ ಅವರು ಯಾವ ಹಕ್ಕಿಯನ್ನು ಕರೆಯುತ್ತಿದ್ದರೆಂಬುದು ಅವರಿಗೆ ಮಾತ್ರ ಗೊತ್ತು.

ಪ್ರಶ್ನೆ: ಇಷ್ಟೆಲ್ಲ ಮಾಡಿ ಸೇರಿಸಿದ ಮೇಲೆ ಮತ್ತೆ ಹೆಸರು ಬದಲಾದರೆ?

ಉತ್ತರ: ಬದಲಾಗುತ್ತದೆ. ಹಕ್ಕಿ ದಾಖಲೆಗಳ ಜಾಗತಿಕ ಜಾಲತಾಣ ಇ-ಬರ್ಡ್ ತನ್ನ ಪಟ್ಟಿಯನ್ನು ಪ್ರತಿವರ್ಷ ಪರಿಷ್ಕರಿಸುತ್ತದೆ. 2024ರಲ್ಲಿ ಕಣಜ ಗೂಬೆ ಮೂರು ಪ್ರಭೇದಗಳಾಗಿ ಒಡೆದು, ನಮ್ಮ ‘ಟೈಟೊ ಆಲ್ಬಾ’ ಆ ಪಟ್ಟಿಯಲ್ಲಿ ‘ಟೈಟೊ ಜವಾನಿಕಾ’ ಆಯಿತು. ಅದಕ್ಕಾಗಿಯೇ ನಿಮ್ಮ ಹಾಳೆಯಲ್ಲಿ ಯಾವ ಪಟ್ಟಿಗೆ, ಅದರ ಯಾವ ವರ್ಷದ ಆವೃತ್ತಿಗೆ ಹೊಂದಿಸಿದಿರಿ ಎಂಬುದನ್ನೂ ಬರೆದಿಡಿ. ಮುಂದಿನ ಪರಿಷ್ಕರಣೆ ಬಂದಾಗ ಬದಲಾದ ಹೆಸರುಗಳನ್ನಷ್ಟೇ ಮತ್ತೆ ಪರಿಶೀಲಿಸಿದರೆ ಸಾಕಾಗುತ್ತದೆ.