ಸಹಾಯಾರ್ಥ ಹಾಡುಗಳು ಬ್ರಿಟನ್ನಿನ ಚಾರ್ಟಿನಲ್ಲಿ ಮೊದಲ ಸ್ಥಾನಕ್ಕೇರುವುದು ಹೇಗೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ದೊಡ್ಡ ದುರಂತವೊಂದು ಸಂಭವಿಸಿದರೆ ಹತ್ತಾರು ಗಾಯಕರು ಕೂಡಿ ಒಂದು ಹಾಡನ್ನು ಹೊರತರುತ್ತಾರೆ, ಅದು ಹೆಚ್ಚುಕಡಿಮೆ ಪ್ರತಿಸಲವೂ ಚಾರ್ಟಿನ, ಅಂದರೆ ಹಾಡುಗಳ ವಾರವಾರದ ಶ್ರೇಯಾಂಕ ಪಟ್ಟಿಯ, ಮೊದಲ ಸ್ಥಾನಕ್ಕೆ ಹೋಗುತ್ತದೆ. ಕೇಳಲು ಅನೇಕ ಹಾಡುಗಳು ಸಾಧಾರಣವಾಗಿಯೇ ಇರುತ್ತವೆ. ಹಾಗಿದ್ದೂ ಈ ಯಶಸ್ಸಿಗೆ ಕಾರಣವೇನು?

ಉತ್ತರ: ಚಾರ್ಟ್ ಏನನ್ನು ಎಣಿಸುತ್ತದೆ ಎಂಬುದರಲ್ಲಿಯೇ ಉತ್ತರದ ಬಹುಪಾಲು ಅಡಗಿದೆ. 1952ರ ನವೆಂಬರಿನಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ಆರಂಭಿಸಿದ ಸಿಂಗಲ್ಸ್ (ಬಿಡಿ ಹಾಡುಗಳ) ಚಾರ್ಟ್ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಲೆಕ್ಕಕ್ಕೆ ತೆಗೆದುಕೊಂಡದ್ದು ವಾರದ ಮಾರಾಟವನ್ನು ಮಾತ್ರ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ರೇಡಿಯೊ ಪ್ರಸಾರಕ್ಕೂ ಅಂಕವುಂಟು; ಬ್ರಿಟನ್ನಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಡನ್ನು ಮೆಚ್ಚಿ ಕೊಂಡವರು, ಮರುಕದಿಂದ ಕೊಂಡವರು, ಕೊಂಡು ಮನೆಗೆ ಒಯ್ದು ಒಮ್ಮೆಯೂ ಕೇಳದೆ ಇಟ್ಟವರು, ಈ ಮೂವರೂ ಚಾರ್ಟಿನ ಪಾಲಿಗೆ ಒಂದೇ. ಸಾಮಾನ್ಯ ಜನಪ್ರಿಯ ಹಾಡಿನ ಮಾರಾಟ ಹಲವು ವಾರಗಳ ಮೇಲೆ ಹರಡಿಕೊಂಡಿರುತ್ತದೆ. ಸುದ್ದಿಯ ಬಿಸಿ ಆರುವ ಮೊದಲೇ ಅಂಗಡಿಗೆ ಬರುವ ಸಹಾಯಾರ್ಥ ಹಾಡಿನ ಮಾರಾಟವಾದರೋ ಒಂದೆರಡು ವಾರಗಳಲ್ಲಿ ಒತ್ತೊತ್ತಾಗಿ ನಡೆಯುತ್ತದೆ.

ಇದಕ್ಕೆಲ್ಲ ಮಾದರಿ ಹಾಕಿಕೊಟ್ಟದ್ದು 1984ರ ‘ಬ್ಯಾಂಡ್ ಏಡ್’ ಎಂಬ ಗಾಯಕರ ಕೂಟ. ಅದಕ್ಕೂ ಮುಂಚೆ, 1971ರಲ್ಲಿ, ಪಂಡಿತ್ ರವಿಶಂಕರ್ ಅವರ ಕೋರಿಕೆಯ ಮೇರೆಗೆ ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಹಾಡಿದ ‘ಬಾಂಗ್ಲಾ ದೇಶ್’ ಬ್ರಿಟನ್ನಿನಲ್ಲಿ ಹತ್ತನೆಯ ಸ್ಥಾನದವರೆಗೆ ಬಂದಿತ್ತಾದರೂ ಅದು ಒಬ್ಬರೇ ಹಾಡಿದ ಹಾಡು. ಇಥಿಯೋಪಿಯಾದ ಬರಗಾಲದ ಬಗ್ಗೆ ಮೈಕೆಲ್ ಬ್ಯೂರ್ಕ್ ಅವರ ವರದಿಯನ್ನು ಬಿಬಿಸಿ ಪ್ರಸಾರ ಮಾಡಿದ್ದು 1984ರ ಅಕ್ಟೋಬರ್ 23ರಂದು. ಅದನ್ನು ಕಂಡು ಕಲಕಿಹೋದ ಐರಿಷ್ ಗಾಯಕ ಬಾಬ್ ಗೆಲ್ಡಾಫ್ ತಮ್ಮ ಗೆಳೆಯ, ಸಂಗೀತಗಾರ ಮಿಜ್ ಯೂರ್ ಅವರೊಡನೆ ಸೇರಿ ಈ ಕೂಟಕ್ಕಾಗಿ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಹಾಡನ್ನು ಬರೆದರು. ನವೆಂಬರ್ 25ರಂದು ಲಂಡನ್ನಿನ ನಾಟಿಂಗ್ ಹಿಲ್ ಬಡಾವಣೆಯ ಸಾರ್ಮ್ ವೆಸ್ಟ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ನಡೆಯಿತು. ಡಿಸೆಂಬರ್ 3ಕ್ಕೆ ಹಾಡು ಬಿಡುಗಡೆಯಾಯಿತು. ಬಾಯ್ ಜಾರ್ಜ್ ನ್ಯೂಯಾರ್ಕಿನಿಂದ ಕಾಂಕಾರ್ಡ್ ವಿಮಾನ ಹಿಡಿದು ಬಂದರೆ, ಫಿಲ್ ಕಾಲಿನ್ಸ್ ಡ್ರಮ್ಸ್ ನುಡಿಸಿದರು.

ಇಲ್ಲಿ ಪ್ರಚಾರದ ಬಲವನ್ನೂ ಗಮನಿಸಬೇಕು. ಚಾರ್ಟಿಗೆ ಇನ್ನೂ ಬಾರದ ಹಾಡಿಗೆ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ಅವಕಾಶವಿರಲಿಲ್ಲ. ಆಗ ಬಿಬಿಸಿ 1ರ ಮುಖ್ಯಸ್ಥರಾಗಿದ್ದ ಮೈಕೆಲ್ ಗ್ರೇಡ್ ಆ ಸಂಜೆಯ ಕಾರ್ಯಕ್ರಮಗಳನ್ನೇ ಐದು ನಿಮಿಷ ಮುಂಚಿತವಾಗಿ ಆರಂಭಿಸಿ, ಡೇವಿಡ್ ಬೋವಿ ಅವರ ಪೀಠಿಕೆಯೊಂದಿಗೆ, ‘ಟಾಪ್ ಆಫ್ ದ ಪಾಪ್ಸ್’ ಆರಂಭವಾಗುವ ತುಸು ಮುಂಚೆ ವಿಡಿಯೊವನ್ನು ತೋರಿಸುವ ವ್ಯವಸ್ಥೆ ಮಾಡಿದರು. ಯಾವ ಕಂಪನಿಯೂ ಹಣ ಕೊಟ್ಟು ಪಡೆಯಲಾಗದ ಪ್ರಚಾರವದು. ಹಾಡು ನೇರವಾಗಿ ಮೊದಲ ಸ್ಥಾನಕ್ಕೇ ಬಂದು ಐದು ವಾರ ಅಲ್ಲಿಯೇ ನಿಂತಿತು. 1985ರ ಕೊನೆಯ ಹೊತ್ತಿಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಎಂಬ ಅದರ ದಾಖಲೆಯನ್ನು ಮುರಿಯಲು 1997ರಲ್ಲಿ ರಾಜಕುಮಾರಿ ಡಯಾನಾ ಸ್ಮರಣಾರ್ಥ ಎಲ್ಟನ್ ಜಾನ್ ಹಾಡಿದ ಹಾಡೇ ಬರಬೇಕಾಯಿತು. ಅದರ ಆದಾಯವೂ ದತ್ತಿನಿಧಿಗೇ ಹೋಯಿತು.

ಮುಂದಿನ ಐದು ವರ್ಷಗಳಲ್ಲಿ ಇದೊಂದು ರೂಢಿಯೇ ಆಯಿತು. 1985ರ ಮೇ 11ರಂದು ಬ್ರಾಡ್‌ಫರ್ಡ್ ಫುಟ್‌ಬಾಲ್ ಮೈದಾನದ ಬೆಂಕಿಯಲ್ಲಿ 56 ಮಂದಿ ಸತ್ತಾಗ ‘ದ ಕ್ರೌಡ್’ ಎಂಬ ಹೆಸರಿನಲ್ಲಿ ಗಾಯಕರು ಕೂಡಿ ‘ಯು ವಿಲ್ ನೆವರ್ ವಾಕ್ ಅಲೋನ್’ ಹಾಡಿದರು. 1963ರಲ್ಲಿಯೂ ಇದೇ ಹಾಡನ್ನು ಮೊದಲ ಸ್ಥಾನಕ್ಕೆ ಒಯ್ದಿದ್ದ ಜೆರ್ರಿ ಮಾರ್ಸ್‌ಡೆನ್ ಈ ತಂಡದ ಮುಂದಾಳಾಗಿದ್ದರು. ಒಂದೇ ಹಾಡಿನ ಎರಡು ಆವೃತ್ತಿಗಳಿಂದ ಚಾರ್ಟಿನ ತುದಿ ಮುಟ್ಟಿದ ಮೊದಲಿಗರು ಅವರು. 1987ರ ಮಾರ್ಚಿನಲ್ಲಿ ಜೀಬ್ರುಗ ಬಂದರಿನ ಬಳಿ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಹಡಗು ಮಗುಚಿ 193 ಮಂದಿ ಮಡಿದಾಗ ‘ದ ಸನ್’ ಪತ್ರಿಕೆ ‘ಫೆರ್ರಿ ಏಡ್’ ತಂಡವನ್ನು ಕೂಡಿಸಿತು. 1989ರಲ್ಲಿ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನ ಸಂತ್ರಸ್ತರಿಗಾಗಿ ಲಿವರ್‌ಪೂಲಿನ ಗಾಯಕರು ಹಾಡಿದರು. ಮೂರೂ ಮೊದಲ ಸ್ಥಾನಕ್ಕೆ ಬಂದವು.

ಈ ಮೂರೂ ಹಳೆಯ ಹಾಡುಗಳ ಮರುಗಾಯನವೆಂಬುದನ್ನು ಗಮನಿಸಬೇಕು. ಹೊಸ ರಾಗ ಕಟ್ಟಲು ಸಮಯವಿರುವುದಿಲ್ಲ. ಹಳೆಯದಾದರೆ ಗಾಯಕರಿಗೂ ಕೇಳುಗರಿಗೂ ಬಾಯಿಪಾಠವಾಗಿರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿದರೆ ಸಾಕು. ಕಲೆಯ ದೃಷ್ಟಿಯಿಂದ ಅವು ಸಪ್ಪೆಯಾಗುವುದಕ್ಕೆ ನನ್ನ ಪ್ರಕಾರ ಈ ಹಂಚಿಕೆಯೇ ಮುಖ್ಯ ಕಾರಣ. ಯಾರ ದನಿಗೂ ಹಾಡಿನೊಳಕ್ಕೆ ಇಳಿಯಲು ಬಿಡುವಿರುವುದಿಲ್ಲ. ಬಿಬಿಸಿಯ ‘ಚಿಲ್ಡ್ರನ್ ಇನ್ ನೀಡ್’ ನಿಧಿಗಾಗಿ 1997ರಲ್ಲಿ ಬಂದ ‘ಪರ್ಫೆಕ್ಟ್ ಡೇ’ ಇದಕ್ಕೆ ಅಪವಾದ. ಬಿಬಿಸಿ ತನ್ನ ಸಂಗೀತ ಪ್ರಸಾರದ ವೈವಿಧ್ಯವನ್ನು ತೋರಿಸಲೆಂದು ಬಿಡುವಾಗಿ ತಯಾರಿಸಿದ ಕಿರುಚಿತ್ರವದು, ಜನರ ಬೇಡಿಕೆಯಿಂದ ಆಮೇಲೆ ಸಿಂಗಲ್ ಆಯಿತು, ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಒಳ್ಳೆಯ ಉದ್ದೇಶವಿದ್ದರೆ ಗೆಲುವು ಖಚಿತವೆಂದೇನೂ ಅಲ್ಲ. ‘ಡಾಕ್ಟರ್ ಹೂ’ ಧಾರಾವಾಹಿಯನ್ನು ತಡೆಹಿಡಿದದ್ದನ್ನು ಪ್ರತಿಭಟಿಸಿ 1985ರಲ್ಲಿ ತಂದ ‘ಡಾಕ್ಟರ್ ಇನ್ ಡಿಸ್ಟ್ರೆಸ್’ ಎಂಬ ಸಮೂಹಗೀತೆಯ ಹಣ ಕ್ಯಾನ್ಸರ್ ರೋಗಿಗಳ ನೆರವಿಗೆ ಮೀಸಲಾಗಿತ್ತು. ಆದರೂ ಅದು ಚಾರ್ಟಿನ ಹತ್ತಿರಕ್ಕೂ ಸುಳಿಯಲಿಲ್ಲ. ಜನರ ದುಃಖಕ್ಕೂ ಹಾಡಿಗೂ ನೇರ ನಂಟಿಲ್ಲದಿದ್ದರೆ ಅಂಗಡಿಯವರೆಗೆ ಯಾರೂ ಬರುವುದಿಲ್ಲ.

ಪ್ರಶ್ನೆ: ಈಗ ಹಾಡನ್ನು ಕೊಳ್ಳುವವರೇ ಕಡಿಮೆ. ಸ್ಟ್ರೀಮಿಂಗ್ ಬಂದ ಮೇಲೆ ಇಂಥ ಹಾಡುಗಳ ಗತಿ ಏನಾಗಿದೆ?

ಉತ್ತರ: 2014ರ ಜುಲೈಯಲ್ಲಿ ಚಾರ್ಟಿಗೆ ಸ್ಟ್ರೀಮಿಂಗ್ ಸೇರಿತು, ನೂರು ಸಲ ಕೇಳಿದರೆ ಒಂದು ಮಾರಾಟಕ್ಕೆ ಸಮ ಎಂದು ಮೊದಲು ಗೊತ್ತುಮಾಡಲಾಯಿತು, ಆ ಪ್ರಮಾಣ ಬಳಿಕ ಬದಲಾಗುತ್ತ ಬಂದಿದೆ. ಮರುಕದಿಂದ ಒಮ್ಮೆ ಕೊಳ್ಳುವವರಿಗಿಂತ ಮೆಚ್ಚಿ ದಿನವೂ ಕೇಳುವವರ ತೂಕ ಹೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಎಬೋಲಾ ಪೀಡಿತರಿಗಾಗಿ ಬಂದ, ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಹಾಡಿನ ಹೊಸ ಆವೃತ್ತಿಯಾದ ‘ಬ್ಯಾಂಡ್ ಏಡ್ 30’ ಮೊದಲ ವಾರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಆದರೆ ಒಂದೇ ವಾರ ತುದಿಯಲ್ಲಿದ್ದು ಕೆಳಗಿಳಿಯಿತು. 1984, 1989 ಮತ್ತು 2004ರ ಆವೃತ್ತಿಗಳು ಮೂರೂ ಕ್ರಿಸ್‌ಮಸ್ ವಾರದ ಮೊದಲ ಸ್ಥಾನ ಪಡೆದಿದ್ದವು. ಇದಕ್ಕೆ ಅದು ದಕ್ಕಲಿಲ್ಲ.

ಆದರೂ ತೀವ್ರವಾದ ಸಂದರ್ಭದಲ್ಲಿ ಹಳೆಯ ಲೆಕ್ಕ ಇಂದಿಗೂ ನಡೆಯುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಕಟ್ಟಡ ಹೊತ್ತಿ ಉರಿದು 72 ಜನ ಸತ್ತರು. ಟಿವಿ ಸಂಗೀತ ಸ್ಪರ್ಧೆಗಳ ನಿರ್ಮಾಪಕ ಸೈಮನ್ ಕೋವೆಲ್ ಮುಂದಾಳತ್ವದಲ್ಲಿ ‘ಬ್ರಿಜ್ ಓವರ್ ಟ್ರಬಲ್ಡ್ ವಾಟರ್’ ಹಾಡಿನ ಹೊಸ ಆವೃತ್ತಿ ಜೂನ್ 21ರ ಬುಧವಾರ ಬಿಡುಗಡೆಯಾಯಿತು. ಚಾರ್ಟಿನ ವಾರ ಮುಗಿಯುವುದು ಗುರುವಾರ. ಹೀಗೆ ಎರಡೇ ದಿನಗಳ ಮಾರಾಟದ ಬಲದಿಂದ ಅದು ಶುಕ್ರವಾರ ಮೊದಲ ಸ್ಥಾನಕ್ಕೆ ಬಂತು, ವಾರವಿಡೀ ಓಡಿದ ಹಾಡುಗಳನ್ನು ಹಿಂದಿಕ್ಕಿ.

ಹೊಸ ಎಣಿಕೆಯ ಪರಿಣಾಮ ಸ್ಪಷ್ಟವಾಗಿ ಕಾಣುವುದು ಬೇರೊಂದು ಹಾಡಿನಲ್ಲಿ. 1984ರ ಕ್ರಿಸ್‌ಮಸ್‌ನಲ್ಲಿ ಬ್ಯಾಂಡ್ ಏಡ್‌ನ ಹಿಂದೆ ಎರಡನೆಯ ಸ್ಥಾನದಲ್ಲಿ ನಿಂತದ್ದು ‘ವ್ಯಾಮ್’ ತಂಡದ ‘ಲಾಸ್ಟ್ ಕ್ರಿಸ್‌ಮಸ್’. ಅದನ್ನು ಬರೆದು ಹಾಡಿದ ಜಾರ್ಜ್ ಮೈಕೆಲ್ ಬ್ಯಾಂಡ್ ಏಡ್‌ನಲ್ಲಿಯೂ ಹಾಡಿದ್ದರು, ತಮ್ಮ ಹಾಡಿನ ಗಳಿಕೆಯನ್ನೂ ಇಥಿಯೋಪಿಯಾಕ್ಕೆ ಕೊಟ್ಟಿದ್ದರು. ಪ್ರತಿ ಡಿಸೆಂಬರಿನಲ್ಲಿ ಕೋಟ್ಯಂತರ ಸಲ ಕೇಳಿಸಿಕೊಳ್ಳುವ ಆ ಹಾಡು ಕ್ರಿಸ್‌ಮಸ್ ವಾರದ ಮೊದಲ ಸ್ಥಾನವನ್ನು ಕೊನೆಗೂ ಪಡೆದದ್ದು 2023ರಲ್ಲಿ.

ಪ್ರಶ್ನೆ: ಗ್ರಾಹಕ ಕೊಟ್ಟ ಹಣವೆಲ್ಲ ನಿಜವಾಗಿ ಸಂತ್ರಸ್ತರಿಗೆ ತಲುಪುತ್ತದೆಯೇ?

ಉತ್ತರ: ಗಾಯಕರು ಸಂಭಾವನೆ ಬಿಡುವುದು ಸುಲಭ, ತೆರಿಗೆಯನ್ನು ಬಿಡಿಸುವುದು ಕಷ್ಟ. 1984ರಲ್ಲಿ ಪ್ರತಿ ಧ್ವನಿಮುದ್ರಿಕೆಯ ಬೆಲೆಯಲ್ಲಿ ಸೇರಿದ್ದ ಮೌಲ್ಯವರ್ಧಿತ ತೆರಿಗೆಯನ್ನು ಮನ್ನಾ ಮಾಡಲು ಮಾರ್ಗರೆಟ್ ಥ್ಯಾಚರ್ ಸರ್ಕಾರ ಮೊದಲು ಒಪ್ಪಲಿಲ್ಲ. ಗೆಲ್ಡಾಫ್ ಬಹಿರಂಗವಾಗಿಯೇ ಜಗಳಕ್ಕೆ ನಿಂತ ಮೇಲೆ, ತೆರಿಗೆಯಾಗಿ ಬಂದಷ್ಟೇ ಮೊತ್ತವನ್ನು ಸರ್ಕಾರ ಪರಿಹಾರಕ್ಕೆ ದೇಣಿಗೆಯಾಗಿ ಕೊಟ್ಟಿತು. ಹಿಲ್ಸ್‌ಬರೊ ಕುಟುಂಬಗಳ ಕಾನೂನು ಹೋರಾಟದ ವೆಚ್ಚಕ್ಕಾಗಿ 2012ರಲ್ಲಿ ‘ಜಸ್ಟಿಸ್ ಕಲೆಕ್ಟಿವ್’ ಹಾಡು ಬಂದಾಗಲೂ, 2014ರ ಬ್ಯಾಂಡ್ ಏಡ್ ಸಮಯದಲ್ಲಿಯೂ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಅಂಥ ಜಗಳಕ್ಕೆ ಆಸ್ಪದ ಕೊಡದೆ ತೆರಿಗೆಯನ್ನು ಬಿಟ್ಟುಕೊಟ್ಟರು. ಆದ್ದರಿಂದ ಇಂಥ ಹಾಡನ್ನು ಕೊಳ್ಳುವವರು ಗಾಯಕರ ಪಟ್ಟಿಗಿಂತ ಮೊದಲು ಹಣ ಯಾವ ನಿಧಿಗೆ ಹೋಗುತ್ತದೆ, ತೆರಿಗೆಯ ಪಾಲು ಏನಾಗುತ್ತದೆ ಎಂಬುದನ್ನು ನೋಡುವುದು ಒಳಿತು.