ಇರುಳುಗುರುಡಿಗೆ ಡಾಕ್ಟರ್ ಓಸಿಟಿ (ಕಣ್ಣಿನೊಳಗಿನ ಪದರಗಳ ಸ್ಕ್ಯಾನ್) ಬರೆದಿದ್ದಾರೆ. ದಾವಣಗೆರೆಯಲ್ಲೇ ಮಾಡಿಸಲಾ, ಬೆಂಗಳೂರಿಗೆ ಹೋಗಲಾ?

ಕತ್ತಲಾದರೆ ತಡವರಿಸುವುದು, ಆದರೆ ಅಕ್ಷರದ ಚಾರ್ಟ್ ಓದಿದರೆ 6/6, ಅಂದರೆ ನೋಟ ಸರಿಯಾಗೇ ಇದೆ. ಇದೇ ಅಲ್ವಾ ನಿಮ್ಮ ಕಥೆ? ನನ್ನದೂ ಇದೇ.

ನಾನು ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರದವನು. ಒಮ್ಮೆ ಕರೆಂಟ್ ಹೋದಾಗ ಅಂಗಳದಲ್ಲಿ ಮಲಗಿದ್ದ ಎಮ್ಮೆಯನ್ನೇ ಎಡವಿ ಬಿದ್ದೆ. ಅವ್ವ ಆರು ತಿಂಗಳು ಕ್ಯಾರೆಟ್ ತಿನ್ನಿಸಿದಳು. ಕೊನೆಗೆ ದಾವಣಗೆರೆಯಲ್ಲಿ ತೋರಿಸಿದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ಬೆಳಕು ಹಿಡಿಯುವ ಕೋಶಗಳು ಮೆಲ್ಲಗೆ ಸಾಯುವ ಕಾಯಿಲೆ. ಜೀನಿನ ದೋಷ, ಕ್ಯಾರೆಟ್‌ಗೆ ಬಗ್ಗುವುದಿಲ್ಲ. ಅವತ್ತೇ ಓಸಿಟಿ ಆಯಿತು. ಸೂಜಿಯಿಲ್ಲ, ನೋವಿಲ್ಲ. ಗಲ್ಲ ಊರಿ ಒಂದು ಗುರುತು ನೋಡುತ್ತಾ ಕೂತರೆ ಕೆಲವೇ ನಿಮಿಷ.

ನಾನು ಕೆಟ್ಟಿದ್ದು ಆಮೇಲೆ. ಓಸಿಟಿಯ ಬಣ್ಣದ ಹಾಳೆ ಕೊಟ್ಟಿದ್ದರು. ಡಾಕ್ಟರ್ ನೋಡಿದ್ದಾಯ್ತಲ್ಲ ಅಂತ, ದೀಪಾವಳಿಗೆ ಸುಣ್ಣ ಹೊಡೆಯುವಾಗ ರದ್ದಿಗೆ ಹಾಕಿದೆ. ನಾಲ್ಕು ವರ್ಷ ಬಿಟ್ಟು ಹೋದಾಗ "ಹಳೇದೆಲ್ಲಿ?" ಅಂದರು. ಅಷ್ಟರಲ್ಲಿ ಅವರ ಮೆಷಿನ್ನೂ ಬದಲಾಗಿತ್ತು, ಹಳೆ ಕಂಪ್ಯೂಟರೂ ಕೆಟ್ಟಿತ್ತು.

ಒಂದು ಹಾಳೆಗೆ ಇಷ್ಟು ಗೋಳಾ ಅಂತೀರಾ? ಓಸಿಟಿಯಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಅಡ್ಡ ಕೊಯ್ದ ಹಾಗೆ ಪದರ ಪದರವಾಗಿ ಕಾಣುತ್ತದೆ. ಬೆಳಕು ಹಿಡಿಯುವ ಕೋಶಗಳು ಗಟ್ಟಿಮುಟ್ಟಾಗಿರುವ ಕಡೆ ಒಂದು ಬಿಳಿ ಗೆರೆ ಇರುತ್ತದೆ. ಒಳ್ಳೆಯ ಕಣ್ಣಲ್ಲಿ ಅದು ಈ ತುದಿಯಿಂದ ಆ ತುದಿವರೆಗೆ. ನಮ್ಮಂಥವರ ಕಣ್ಣಲ್ಲಿ ಅಂಚಿನಿಂದ ಅಳಿಯುತ್ತಾ ನಡುವಿಗೆ ಬರುತ್ತದೆ, ಬರಗಾಲದಲ್ಲಿ ನಮ್ಮೂರ ಕೆರೆ ಬತ್ತಿದ ಹಾಗೆ. ನಡುವೆ ನೀರಿರುವ ತನಕ ಚಾರ್ಟ್ 6/6 ಅಂತಲೇ ಹೇಳುತ್ತದೆ! ಆ ಗೆರೆ ವರ್ಷಕ್ಕೆ ಎಷ್ಟು ಮೊಟಕಾಯಿತು ಅನ್ನುವುದರಲ್ಲೇ ಕಾಯಿಲೆಯ ಓಟ ಗೊತ್ತಾಗುವುದು. ನನ್ನ ಕೈಲಿದ್ದದ್ದು ಮೋಟು ಗೆರೆ ಮಾತ್ರ. ನಾಲ್ಕು ವರ್ಷದಲ್ಲಿ ಅರ್ಧ ಹೋಯಿತಾ, ಮೊದಲೇ ಅಷ್ಟೇ ಇತ್ತಾ? ಹೇಳುವವರಿಲ್ಲ. ಅಡಿಕೆ ಆರಿಸುವುದು ಕಣ್ಣಿನ ಕೆಲಸ. ಅದನ್ನು ಬಿಟ್ಟು ಬೇರೆ ಕಸುಬು ಕಲಿಯಲು ಎಷ್ಟು ಸಮಯವಿದೆ ಅಂತ ಲೆಕ್ಕ ಹಾಕಲೂ ಆಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಒಂದೊಂದೇ ಕೋಶ ತೋರಿಸುವ ಅಡಾಪ್ಟಿವ್ ಆಪ್ಟಿಕ್ಸ್ ಕ್ಯಾಮೆರಾ 1997ರಿಂದಲೇ ಇದೆ, ನಿಜ. ಆದರೆ ಅದು ಜಾಸ್ತಿ ಬಳಕೆಯಾಗುವುದು ಸಂಶೋಧನೆಗೆ. ಈ ಓಸಿಟಿಗಾಗಿ ಸುಮ್ನೆ ಬೆಂಗಳೂರು ಬಸ್ ಹತ್ತಬೇಡಿ. ಎಲ್ಲಿ ಮಾಡಿಸಿದರೂ ಪ್ರತಿ ಸಲ ಅದೇ ಮೆಷಿನ್‌ನಲ್ಲಿ ಮಾಡಿಸಿ. ಬೇರೆ ಕಂಪನಿಯದಾದರೆ ಅಂಕಿ ತಾಳೆಯಾಗುವುದಿಲ್ಲ. ಪ್ರಿಂಟ್ ಜೊತೆ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಕೊಡಲು ಗೊಣಗಿದರೆ ಕೂತು ಇಸಿದುಕೊಳ್ಳಿ. ನನ್ನದು ಈಗ ಪಹಣಿ ಇಟ್ಟಿರುವ ಟ್ರಂಕಿನಲ್ಲಿದೆ.

ಅಂದಹಾಗೆ, ಒಡಹುಟ್ಟಿದವರಿದ್ದರೆ ಅವರ ಕಣ್ಣನ್ನೂ ತೋರಿಸಿ. ನನ್ನ ತಂಗಿ ಇನ್ನೂ ನೆವ ಹೇಳುತ್ತಿದ್ದಾಳೆ.